ಮಕ್ಕಳ ಉಸಿರಾಟ ಮತ್ತು ಹೃದಯದ ತೊಂದರೆ: ಮನೆಯಲ್ಲಿ ಆರೈಕೆ ಹೇಗೆ?

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಮಕ್ಕಳ ವಾರ್ಡುಗಳು ತುಂಬಿಕೊಳ್ಳುತ್ತವೆ. ಈ ಸಲ ಬಂದ ಪತ್ರಗಳಲ್ಲೂ ಹೆಚ್ಚಿನವು ಉಸಿರಾಟದ ಅಥವಾ ಹೃದಯದ ತೊಂದರೆಯಿರುವ ಮಕ್ಕಳನ್ನು ಸಾಕುತ್ತಿರುವವರು ಬರೆದವು. ಮಕ್ಕಳ ವಿಭಾಗದಲ್ಲಿ ಶುಶ್ರೂಷಕಿಯಾಗಿ ದುಡಿದ ಅನುಭವದ ಆಧಾರದ ಮೇಲೆ ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ಮಗುವನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು. ಆದರೆ ಕಾಯಿಲೆಯ ಮಗು ದಿನದ ಬಹುಪಾಲು ಹೊತ್ತನ್ನು ಕಳೆಯುವುದು ಮನೆಯಲ್ಲಿ, ಅದರಲ್ಲೂ ತಾಯಿಯ ಅಥವಾ ಅಜ್ಜಿಯ ಮಡಿಲಲ್ಲಿ. ಅಲ್ಲಿ ಕೂತು ನೋಡುವವರ ಕಣ್ಣಿಗೆ ಏನು ಕಾಣಬೇಕು ಎಂಬುದೇ ನನ್ನ ಉತ್ತರಗಳ ಮುಖ್ಯ ವಿಷಯ.

ಪ್ರಶ್ನೆ: ನಮ್ಮ ಮಗುವಿಗೆ 8 ತಿಂಗಳು. ನೆಗಡಿ, ಕೆಮ್ಮು ಬಂದಾಗಲೆಲ್ಲ ಎದೆಯಲ್ಲಿ ಗೊರಗೊರ ಸದ್ದು ಕೇಳಿಸುತ್ತದೆ. ಅಕ್ಕಪಕ್ಕದವರು ‘ಪಕ್ಕೆ ಹಾರುತ್ತಿದೆ’ ಎನ್ನುತ್ತಾರೆ. ರಾತ್ರಿ ಹೊತ್ತು ಇದು ಬರೀ ನೆಗಡಿಯೋ, ಆಸ್ಪತ್ರೆಗೆ ಓಡಬೇಕಾದದ್ದೋ ಎಂದು ತಿಳಿಯುವುದು ಹೇಗೆ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಗೊರಗೊರ ಸದ್ದು ಅನೇಕ ಸಲ ಮೂಗು, ಗಂಟಲಿನಲ್ಲಿ ನಿಂತ ಕಫದಿಂದ ಬರುತ್ತದೆ, ಕಿವಿಗೆ ಭಯ ಹುಟ್ಟಿಸಿದರೂ ಅದರಿಂದಲೇ ಅಪಾಯವೆಂದು ಹೇಳಲಾಗದು. ನಂಬಬೇಕಾದದ್ದು ಕಣ್ಣನ್ನು. ಮಗು ಅಳದೆ, ಹಾಲು ಕುಡಿಯದೆ, ಸಮಾಧಾನದಿಂದಿರುವಾಗ ಅಥವಾ ಮಲಗಿರುವಾಗ ಅದರ ಅಂಗಿಯನ್ನು ಎದೆಯ ಮೇಲಕ್ಕೆ ಸರಿಸಿ, ದೀಪ ಹಾಕಿ, ಹೊಟ್ಟೆ ಮತ್ತು ಎದೆಯ ಕೆಳಭಾಗ ಏರುವುದನ್ನು ಎಣಿಸಿರಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಏಕೆಂದರೆ ಎಳೆಯ ಮಕ್ಕಳ ಉಸಿರು ಒಂದೇ ಸಮನಾಗಿರುವುದಿಲ್ಲ. ಗಡಿಯಾರದ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೂ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗಿನ ಮಗುವಿಗೆ 40 ಅಥವಾ ಹೆಚ್ಚು ಎಂದಾದರೆ ಅದು ವೇಗದ ಉಸಿರಾಟ. ವಿಶ್ವ ಆರೋಗ್ಯ ಸಂಸ್ಥೆಯ ಈ ಲೆಕ್ಕವನ್ನೇ ನಮ್ಮ ಆಶಾ ಕಾರ್ಯಕರ್ತೆಯರಿಗೂ ಕಲಿಸಲಾಗುತ್ತದೆ. ನಿಮ್ಮ 8 ತಿಂಗಳ ಮಗುವಿಗೆ ಅನ್ವಯಿಸುವ ಸಂಖ್ಯೆ 50. ಎಣಿಕೆ ಅದನ್ನು ಮುಟ್ಟಿದರೆ ನ್ಯುಮೋನಿಯಾ ಇರಬಹುದೆಂದು ತಿಳಿದು ತಡಮಾಡದೆ ವೈದ್ಯರಿಗೆ ತೋರಿಸಿರಿ.

ನಿಮ್ಮ ಅಕ್ಕಪಕ್ಕದವರು ಹೇಳುವ ‘ಪಕ್ಕೆ ಹಾರುವುದು’ ಹಳ್ಳಿಯ ಹೆಂಗಸರು ತಲೆತಲಾಂತರದಿಂದ ಗುರುತಿಸಿಕೊಂಡು ಬಂದಿರುವ ಲಕ್ಷಣ, ಅದನ್ನು ಅಲ್ಲಗಳೆಯಬೇಡಿ. ಮಗು ಉಸಿರು ಒಳಗೆಳೆದುಕೊಳ್ಳುವಾಗ ಪಕ್ಕೆಲುಬುಗಳ ಕೆಳಗಿನ ಭಾಗ ಹೊರಕ್ಕೆ ಬರುವುದರ ಬದಲು ಗುಳಿಬಿದ್ದಂತೆ ಒಳಕ್ಕೆ ಸೆಳೆದುಕೊಂಡರೆ, ಎಣಿಕೆ ಎಷ್ಟೇ ಇರಲಿ, ಬೆಳಗಾಗುವವರೆಗೆ ಕಾಯದೆ ಹೊರಡಬೇಕು. ಉಸಿರು ಬಿಡುವಾಗ ನರಳಿದಂತೆ ಸಣ್ಣ ಸದ್ದು ಬರುವುದು, ಮೂಗಿನ ಹೊಳ್ಳೆಗಳು ಅರಳುವುದು, ನಾಲಿಗೆ ಮತ್ತು ತುಟಿಯ ಒಳಭಾಗ ನೀಲಿಯಾಗುವುದು, ಮೊಲೆ ಕಚ್ಚಲಾಗದಿರುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಸೆಳೆತ ಬರುವುದು, ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆ ಮಾಡಿರಿ. ಎರಡು ತಿಂಗಳೊಳಗಿನ ಕೂಸಾದರೆ ವೇಗದ ಉಸಿರಾಟ ಒಂದೇ ಸಾಕು, ಆಸ್ಪತ್ರೆ ಸೇರಿಸಬೇಕು.

ಮನೆಯಲ್ಲಿ ಮಾಡಬಹುದಾದದ್ದು ಸರಳವಾಗಿದೆ. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಹನಿಯನ್ನು ಎರಡೂ ಹೊಳ್ಳೆಗಳಿಗೆ ಹಾಕಿ, ಕೆಲ ನಿಮಿಷ ಬಿಟ್ಟು ಹಾಲೂಡಿಸಿರಿ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಿ. ಮೂಗಿಗೆ ಎಣ್ಣೆ ಬಿಡುವ ಪದ್ಧತಿ ಖಂಡಿತ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಬೇರೊಂದು ಬಗೆಯ ನ್ಯುಮೋನಿಯಾ ಬರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರದ ಮುಲಾಮು, ಒಂದು ವರ್ಷದೊಳಗೆ ಜೇನುತುಪ್ಪ ಬೇಡ. ಅಂಗಡಿಯವರು ಕೊಡುವ ಕೆಮ್ಮಿನ ಸಿರಪ್ ಕೂಡ ಬೇಡ. ನೆಗಡಿಗೆ ಸಾಮಾನ್ಯವಾಗಿ ಕೊಡುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಆದೇಶಿಸಿದ್ದಾರೆ. ಇನ್ನು ಎದೆಗೆ, ಹೊಟ್ಟೆಗೆ ಬರೆ ಹಾಕಿಸುವುದು. ನಮ್ಮ ಉತ್ತರ ಕರ್ನಾಟಕದ ಕೆಲವು ಕಡೆ ಇದು ಇನ್ನೂ ನಿಂತಿಲ್ಲ. ಉಸಿರಿಗೆ ಒದ್ದಾಡುತ್ತಿರುವ ಕೂಸಿಗೆ ಸುಟ್ಟ ಗಾಯದ ನೋವನ್ನೂ ನಂಜನ್ನೂ ಸೇರಿಸುವ ಈ ಕ್ರೌರ್ಯಕ್ಕೆ ಯಾವ ಹಿರಿಯರು ಒತ್ತಾಯಿಸಿದರೂ ದಯವಿಟ್ಟು ಒಪ್ಪಬೇಡಿ.

ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ನ್ಯುಮೋಕಾಕಲ್ ಲಸಿಕೆಯನ್ನು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ನಿಮ್ಮ ಮಗುವಿಗೆ ಮುಂದಿನ ತಿಂಗಳು ಮೂರನೆಯ ಡೋಸ್ ಬರುತ್ತದೆ.

ಪ್ರಶ್ನೆ: ಆರು ವರ್ಷದ ಮಗನಿಗೆ ಅಸ್ತಮಾ ಎಂದು ಹೇಳಿ ಎರಡು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ‘ಪಂಪ್ ಹಚ್ಚಿದರೆ ಜೀವನಪೂರ್ತಿ ಅಭ್ಯಾಸವಾಗುತ್ತದೆ, ಮಾತ್ರೆ ಸಾಕು’ ಎಂದು ನಮ್ಮ ತಾಯಿ ಹಟ ಹಿಡಿದಿದ್ದಾರೆ. ಮನೆಗೊಂದು ನೆಬ್ಯುಲೈಸರ್ ಕೊಂಡರೆ ಒಳ್ಳೆಯದೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಅಜ್ಜಿಯ ಆತಂಕ ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ್ದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಲೆಕ್ಕ ತೋರಿಸಿ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 2 ಮಿಲಿಗ್ರಾಂ ಔಷಧವಿದ್ದರೆ, ಪಂಪನ್ನು ಒಮ್ಮೆ ಒತ್ತಿದಾಗ ಹೊರಬರುವುದು 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ ಇಪ್ಪತ್ತನೆಯ ಒಂದು ಪಾಲು. ಮಾತ್ರೆ ರಕ್ತದ ಮೂಲಕ ಇಡೀ ಮೈಯಲ್ಲಿ ಹರಡಿ ಕೈ ನಡುಕ, ಎದೆಬಡಿತ ತರುತ್ತದೆ. ಪಂಪಿನ ಔಷಧ ನೇರವಾಗಿ ಶ್ವಾಸನಾಳಕ್ಕೆ ತಲಪುತ್ತದೆ. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಬಹಳ ದಿನ ಬೇಕಾಗುವುದಕ್ಕೆ ಕಾರಣ ಕಾಯಿಲೆಯ ಸ್ವಭಾವವೇ ಹೊರತು ಪಂಪ್ ಅಲ್ಲ.

ಎರಡು ಇನ್‌ಹೇಲರ್‌ಗಳ ಕೆಲಸ ಬೇರೆ ಬೇರೆ. ಒಂದು ಉಬ್ಬಸ ಬಂದಾಗ ಶ್ವಾಸನಾಳವನ್ನು ತೆರೆಯುವಂಥದ್ದು, ಸಾಮಾನ್ಯವಾಗಿ ನೀಲಿ ಬಣ್ಣದ್ದು. ಇನ್ನೊಂದು ಶ್ವಾಸನಾಳದ ಒಳಗಿನ ಊತವನ್ನು ತಗ್ಗಿಸಿ ಉಬ್ಬಸ ಬಾರದಂತೆ ತಡೆಯುವಂಥದ್ದು; ಅದನ್ನು ಮಗು ಚೆನ್ನಾಗಿರುವ ದಿನಗಳಲ್ಲೂ ತಪ್ಪದೆ ಕೊಡಬೇಕು. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು: ನೀಲಿ ಪಂಪ್ ದಿನವೂ ಬಳಕೆಯಾಗುತ್ತದೆ, ತಡೆಯುವ ಪಂಪ್ ಕಪಾಟಿನಲ್ಲಿ ಅವಧಿ ಮೀರಿ ಕೂತಿರುತ್ತದೆ. ನೀಲಿ ಪಂಪಿನ ಬಳಕೆ ಹೆಚ್ಚುತ್ತಿದೆಯೆಂದರೆ ಕಾಯಿಲೆ ಹತೋಟಿ ತಪ್ಪುತ್ತಿದೆ ಎಂದೇ ತಿಳಿಯಬೇಕು.

ಕೊಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಒಳ್ಳೆಯ ಔಷಧ ವ್ಯರ್ಥವಾಗುವುದು ಇಲ್ಲೇ. ಮಕ್ಕಳಿಗೆ ಪಂಪನ್ನು ನೇರವಾಗಿ ಬಾಯಿಗಿಟ್ಟು ಒತ್ತಿದರೆ ಔಷಧದ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಸ್ಪೇಸರ್ ಎಂಬ ಕೊಳವೆ ಬೇಕೇ ಬೇಕು. ಮಗುವನ್ನು ನೆಟ್ಟಗೆ ಕೂರಿಸಿ. ಪಂಪನ್ನು ಚೆನ್ನಾಗಿ ಕುಲುಕಿ ಸ್ಪೇಸರಿಗೆ ಸಿಕ್ಕಿಸಿ. ನಿಮ್ಮ ಮಗನ ವಯಸ್ಸಿಗೆ ಮುಖಕ್ಕೆ ಹಿಡಿಯುವ ಮಾಸ್ಕ್ ಬೇಕಾಗಲಾರದು, ಸ್ಪೇಸರಿನ ತುದಿಯನ್ನು ತುಟಿಗಳ ನಡುವೆ ಬಿಗಿಯಾಗಿ ಹಿಡಿಯಲು ಕಲಿಸಬಹುದು. ಒಮ್ಮೆ ಮಾತ್ರ ಒತ್ತಿ, ಮಗು ನಿಧಾನವಾಗಿ ಐದಾರು ಸಲ ಉಸಿರಾಡುವವರೆಗೆ ಕಾಯಿರಿ. ಒಳಗಿನ ಕವಾಟ ಪ್ರತಿ ಉಸಿರಿಗೂ ಅಲುಗುವುದು ಕಾಣುತ್ತದೆ, ಸದ್ದೂ ಕೇಳುತ್ತದೆ. ಎರಡನೆಯ ಸಲಕ್ಕೆ ಮುನ್ನ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ, ಮತ್ತೆ ಒಮ್ಮೆ ಒತ್ತಿ. ಎರಡು ಸಲ ಒಟ್ಟಿಗೇ ಒತ್ತಿಬಿಟ್ಟರೆ ಔಷಧ ದುಪ್ಪಟ್ಟಾಗುವುದಿಲ್ಲ, ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ತಡೆಯುವ ಪಂಪಿನಲ್ಲಿ ಸ್ಟಿರಾಯ್ಡ್ ಇರುವುದರಿಂದ ಅದಾದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಹುಣ್ಣು ಬರಬಹುದು. ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ತೆಗೆದು ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಕೂತು ಔಷಧದ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ನೆಬ್ಯುಲೈಸರಿಗೆ ಹಣ ಹಾಕುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಸಾಧಾರಣ ಉಬ್ಬಸಕ್ಕೆ ಸ್ಪೇಸರ್ ಅದರಷ್ಟೇ ಪರಿಣಾಮಕಾರಿ, ಕರೆಂಟು ಬೇಡ, ಶಾಲೆಯ ಚೀಲದಲ್ಲೂ ಹಿಡಿಸುತ್ತದೆ. ಯಂತ್ರ ಮನೆಯಲ್ಲಿದ್ದರೆ, ಆಸ್ಪತ್ರೆಗೆ ಹೋಗಬೇಕಾದ ರಾತ್ರಿಯಲ್ಲೂ ‘ಇನ್ನೊಂದು ಸಲ ಹಾಕಿ ನೋಡೋಣ’ ಎಂದು ಕಾಯುವವರನ್ನು ಬಹಳ ಕಂಡಿದ್ದೇನೆ. ವೈದ್ಯರು ಬರೆದುಕೊಟ್ಟ ಕ್ರಮದಂತೆ ನೀಲಿ ಪಂಪ್ ಕೊಟ್ಟ ಮೇಲೂ ಉಬ್ಬಸ ಇಳಿಯದಿದ್ದರೆ, ಇಳಿದರೂ ಮೂರು ನಾಲ್ಕು ಗಂಟೆಯೊಳಗೆ ಮರಳಿದರೆ, ಮಗು ಒಂದು ಪೂರ್ತಿ ವಾಕ್ಯ ಹೇಳಲು ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರೆ ಹೊರಡಿ, ದಾರಿಯಲ್ಲೂ ಪಂಪ್ ಕೊಡುತ್ತಿರಿ. ಜೋರಾಗಿದ್ದ ಸುಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಮಂಕಾದರೆ ಗುಣವಾಯಿತೆಂದು ಸಮಾಧಾನಪಡಬೇಡಿ. ಗಾಳಿ ಓಡಾಡುವುದೇ ನಿಂತಿರಬಹುದು.

ಸೊಳ್ಳೆ ಬತ್ತಿ, ಊದುಬತ್ತಿ, ಧೂಪ, ಪಟಾಕಿಯ ಹೊಗೆಗಳನ್ನು ಮಗನಿಂದ ದೂರವಿಡಿ. ಮೃಗಶಿರಾ ಮಳೆ ಹುಟ್ಟುವ ದಿನ ಮೀನಿನ ಔಷಧಕ್ಕೆಂದು ಹೈದರಾಬಾದಿಗೆ ಕರೆದೊಯ್ಯುವ ಯೋಚನೆ ಮನೆಯಲ್ಲಿ ಬಂದರೆ, ಜೀವಂತ ಮೀನು ನುಂಗಿಸುವಾಗ ಚಿಕ್ಕ ಮಕ್ಕಳಿಗೆ ಗಂಟಲು ಕಟ್ಟುವ ಅಪಾಯವಿದೆ ಎಂಬುದನ್ನೂ, ಅದನ್ನು ನಂಬಿ ತಡೆಯುವ ಪಂಪನ್ನು ನಿಲ್ಲಿಸಿದ ಮಕ್ಕಳು ಮತ್ತೆ ವಾರ್ಡಿಗೆ ಬರುತ್ತಾರೆ ಎಂಬುದನ್ನೂ ಹೇಳಿರಿ.

ಪ್ರಶ್ನೆ: ನನ್ನ ಮಗಳಿಗೆ ಮೂರು ತಿಂಗಳು. ಹೃದಯದಲ್ಲಿ ದೊಡ್ಡ ರಂಧ್ರವಿದೆ, ತೂಕ ಬಂದ ಮೇಲೆ ಆಪರೇಷನ್ ಎಂದಿದ್ದಾರೆ. ಆದರೆ ಹಾಲು ಕುಡಿಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಹಣೆಯೆಲ್ಲ ಬೆವತು, ಸುಸ್ತಾಗಿ ಬಿಟ್ಟುಬಿಡುತ್ತಾಳೆ. ತೂಕ ಏರುತ್ತಲೇ ಇಲ್ಲ. ನನ್ನ ಹಾಲಿನಲ್ಲೇ ಸತ್ವವಿಲ್ಲ ಎನ್ನುತ್ತಾರೆ ಮನೆಯವರು.
— ಒಬ್ಬ ತಾಯಿ, ರಾಯಚೂರು ಜಿಲ್ಲೆ

ಉತ್ತರ: ಮೊದಲು ಈ ಮಾತನ್ನು ಮನೆಯವರೆಲ್ಲರ ಮುಂದೆ ಓದಿ ಹೇಳಿ: ತಪ್ಪು ನಿಮ್ಮ ಹಾಲಿನದಲ್ಲ, ಗರ್ಭಿಣಿಯಾಗಿದ್ದಾಗ ನೀವು ತಿಂದದ್ದರದ್ದೂ ಅಲ್ಲ, ಗ್ರಹಣದ್ದೂ ಅಲ್ಲ. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8 ಶಿಶುಗಳಿಗೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ರಂಧ್ರದ ಮೂಲಕ ರಕ್ತ ಶ್ವಾಸಕೋಶಕ್ಕೆ ಅತಿಯಾಗಿ ನುಗ್ಗುವುದರಿಂದ ಮಗು ಉಸಿರಾಟಕ್ಕೇ ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಕೂಸು ಒಂದೆರಡು ತಿಂಗಳ ಹೊತ್ತಿಗೆ ಹೀಗಾಗಲು ಕಾರಣ, ಆ ವೇಳೆಗೆ ಶ್ವಾಸಕೋಶದ ರಕ್ತನಾಳಗಳು ಸಡಿಲಗೊಂಡು ಹರಿವು ಇನ್ನೂ ಹೆಚ್ಚುವುದು. ಹಾಲು ಕುಡಿಯುವುದು ಕೂಸಿನ ಪಾಲಿಗೆ ದಿನದ ಅತ್ಯಂತ ಕಷ್ಟದ ದುಡಿಮೆ; ದೊಡ್ಡವರು ಮೂಟೆ ಹೊತ್ತು ಮೆಟ್ಟಿಲು ಹತ್ತಿದಂತೆ.

ಹಾಗಾಗಿ ಆ ದುಡಿಮೆಯನ್ನು ಹಗುರ ಮಾಡುವುದೇ ನಿಮ್ಮ ಕೆಲಸ. ಎರಡು ಗಂಟೆಗೊಮ್ಮೆ, ಹೆಚ್ಚೆಂದರೆ ಮೂರು ಗಂಟೆಗೊಮ್ಮೆ, ಮಗು ಹಸಿದು ಜೋರಾಗಿ ಅಳುವ ಮುನ್ನವೇ ಹಾಲು ಕೊಡಿ. ತಲೆ ಎತ್ತರದಲ್ಲಿರುವಂತೆ ತೋಳಿನ ಮೇಲೆ ಓರೆಯಾಗಿ ಹಿಡಿಯಿರಿ. ಕುಡಿಸುವ ಅವಧಿ ಅರ್ಧ ಗಂಟೆ ಮೀರದಿರಲಿ. ಅದರಾಚೆಗೆ ಕುಡಿದ ಹಾಲಿಗಿಂತ ಖರ್ಚಾದ ಶಕ್ತಿಯೇ ಹೆಚ್ಚಾಗುತ್ತದೆ. ಉಳಿದದ್ದನ್ನು ಹಿಂಡಿ ಒಳಲೆಯಲ್ಲಿ ಕೊಡಿ. ಆದರೆ ಒಳಲೆಯ ವಿಷಯದಲ್ಲಿ ಒಂದು ಎಚ್ಚರ ಬೇಕು: ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಬಾಯಿಗೆ ಸುರಿಯುವ ಹಳೆಯ ಕ್ರಮದಲ್ಲಿ ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ಕೂಸನ್ನು ಕೂತಂತೆ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಕೆನ್ನೆಯ ಒಳಗೆ ಸ್ವಲ್ಪವೇ ಹನಿಸಿ, ನುಂಗಿತೆಂದು ಕಣ್ಣಾರೆ ಕಂಡ ಮೇಲೆ ಮುಂದಿನದನ್ನು ಹನಿಸಬೇಕು. ಮೊದಲು ಬರುವ ತೆಳು ಹಾಲನ್ನು ಸ್ವಲ್ಪ ಹಿಂಡಿಟ್ಟು ಆಮೇಲೆ ಮೊಲೆಗೆ ಹಚ್ಚಿದರೆ ಕೊಬ್ಬಿನಂಶ ಹೆಚ್ಚಿರುವ ಹಿಂಹಾಲು ಮಗುವಿಗೆ ಬೇಗ ಸಿಗುತ್ತದೆ. ಹಾಲಿಗೆ ಪುಡಿ ಬೆರೆಸುವುದನ್ನು ವೈದ್ಯರು ಹೇಳಿದರೆ ಮಾತ್ರ ಮಾಡಿ. ಇಷ್ಟಾದರೂ ಸಾಲದಿದ್ದರೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಹಾಕಿ ಹಾಲು ಕೊಡುವುದುಂಟು. ಅದನ್ನು ಕಂಡು ಹೆದರಬೇಡಿ, ಎಷ್ಟೋ ಕೂಸುಗಳು ಆಪರೇಷನ್ನಿಗೆ ಬೇಕಾದ ತೂಕ ಪಡೆದದ್ದು ಹಾಗೆಯೇ.

ವಾರಕ್ಕೊಮ್ಮೆ ಅಂಗನವಾಡಿಯ ಒಂದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು, ತೂಕ ಮಾಡಿಸಿ ಬರೆದಿಡಿ. ಎರಡು ದಿನದಲ್ಲಿ ಒಮ್ಮೆಲೇ ಏರಿದ ತೂಕ ಸಂತೋಷದ ವಿಷಯವಲ್ಲ. ಕಣ್ಣರೆಪ್ಪೆ ಊದಿದ್ದು, ಉಚ್ಚೆ ಕಡಿಮೆಯಾಗಿದ್ದರೆ ಅದು ಮೈಯಲ್ಲಿ ನಿಂತ ನೀರು.

ಔಷಧದ ವಿಷಯಕ್ಕೆ ಬಂದರೆ, ಇಂಥ ಮಕ್ಕಳಿಗೆ ಕೊಡುವ ಪ್ರಮಾಣ ಹನಿಗಳ ಲೆಕ್ಕದ್ದು. ಚಮಚ ಬಳಸದೆ ಸೂಜಿಯಿಲ್ಲದ 1 ಮಿಲಿಲೀಟರಿನ ಸಿರಿಂಜಿನಲ್ಲೇ ಅಳೆಯಬೇಕು, 0.5 ಮತ್ತು 5ರ ನಡುವಿನ ಚುಕ್ಕೆ ಕಣ್ತಪ್ಪಿದರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. ಮೊದಲ ಸಲ ನರ್ಸ್ ಎದುರಿನಲ್ಲೇ ಅಳೆದು ತೋರಿಸಿ, ಆ ಗೆರೆಯ ಮೇಲೆ ಬಣ್ಣದ ಟೇಪು ಅಂಟಿಸಿಕೊಳ್ಳಿ. ಹೃದಯದ ಬಡಿತಕ್ಕೆ ಬಲ ಕೊಡುವ ಡಿಜಾಕ್ಸಿನ್ ಎಂಬ ಔಷಧ ಕೊಡುತ್ತಿದ್ದರೆ, ಕೊಟ್ಟ ಮೇಲೆ ಮಗು ವಾಂತಿ ಮಾಡಿಕೊಂಡರೂ ಮತ್ತೆ ಕೊಡಬಾರದು, ಒಂದು ಹೊತ್ತಿನದು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬಾರದು. ತೋಳಿನ ಒಳಬದಿಯಲ್ಲಿ ನಾಡಿ ಹಿಡಿದು ನಿಮಿಷಪೂರ್ತಿ ಎಣಿಸುವುದನ್ನು ಕಲಿಯಿರಿ. 100ಕ್ಕಿಂತ ಕಡಿಮೆಯಿದ್ದರೆ ಕೊಡುವ ಮುನ್ನ ವೈದ್ಯರಿಗೆ ಫೋನ್ ಮಾಡಿ.

ತೂಕಕ್ಕೆಂದು ಕಾಯುವುದಕ್ಕೂ ಮಿತಿಯಿದೆ. ದೊಡ್ಡ ರಂಧ್ರವನ್ನು ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಡಸಾಗಿ, ಕೊನೆಗೆ ರಂಧ್ರ ಮುಚ್ಚಲೂ ಆಗದ ಸ್ಥಿತಿ ಬರುತ್ತದೆ. ಮುಂದಿನ ಭೇಟಿಯ ದಿನಾಂಕ ತಪ್ಪಿಸಬೇಡಿ; ಮಧ್ಯೆ ತೂಕ ನಿಂತೇಹೋದರೆ ಆ ದಿನಾಂಕಕ್ಕೂ ಕಾಯಬೇಡಿ. ಖರ್ಚಿನ ಚಿಂತೆಯಿದ್ದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದ್ರೋಗವೂ ಸೇರಿದೆ. ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮಗುವಿನ ಹೆಸರು ಬರೆಸಿ, ಎಕೋ (ಹೃದಯದ ಸ್ಕ್ಯಾನ್) ವರದಿಯ ಪ್ರತಿ ಕೊಡಿ.

ಪ್ರಶ್ನೆ: ಒಂದೂವರೆ ವರ್ಷದ ಮಗನಿಗೆ ಫ್ಯಾಲೋ ಎಂಬ ಹೃದಯದ ತೊಂದರೆಯಿದೆ. ಮನೆಯ ಆಕ್ಸಿಮೀಟರಿನಲ್ಲಿ 80, 82 ತೋರಿಸುತ್ತದೆ. ಹೋದ ವಾರ ಬೆಳಿಗ್ಗೆ ಅತ್ತು ಅತ್ತು ಕಡುನೀಲಿಯಾಗಿ ಮೈ ಸಡಿಲಾಯಿತು. ಆಗ ಏನು ಮಾಡಬೇಕಿತ್ತು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಅದರ ಎರಡೂ ಮಂಡಿಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿಯಬೇಕಿತ್ತು, ಮಲಗಿಸಿದ್ದರೆ ಮಗ್ಗುಲಿಗೆ ತಿರುಗಿಸಿ ಮಂಡಿಗಳನ್ನು ಎದೆಗೆ ತರಬೇಕು. ಫ್ಯಾಲೋ ತೊಂದರೆಯಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತ ಕಡಿಮೆಯಾಗಿ ಮಗು ನೀಲಿಗಟ್ಟುತ್ತದೆ. ಕಾಲಿನ ರಕ್ತನಾಳಗಳು ಮಡಿಸಿಕೊಂಡಾಗ ದೇಹದತ್ತ ಹೋಗುವ ದಾರಿಯಲ್ಲಿ ತಡೆ ಹೆಚ್ಚಿ, ರಕ್ತ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಓಡಿ ದಣಿದಾಗ ತಾವಾಗಿಯೇ ಕುಕ್ಕರಗಾಲಿನಲ್ಲಿ ಕೂರುವುದು ಇದಕ್ಕೇ. ನೀರು ಚಿಮುಕಿಸುವುದು, ಬಾಯಿಗೆ ಬೆರಳು ಹಾಕುವುದು, ಸುತ್ತ ಹತ್ತು ಜನ ಸೇರಿ ಕೂಗುವುದು ಯಾವುದೂ ಬೇಡ. ಮೆಲುದನಿಯಲ್ಲಿ ಮಾತಾಡುತ್ತ ಅಳು ನಿಲ್ಲಿಸಿ. ಕೆಲ ನಿಮಿಷದಲ್ಲಿ ಬಣ್ಣ ತಿರುಗದಿದ್ದರೆ, ಅಥವಾ ಎಚ್ಚರ ತಪ್ಪಿದರೆ, ಹಾಗೇ ಮಡಿಸಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಬೇಕು. ಈಗ ಚೇತರಿಸಿಕೊಂಡಿದ್ದರೂ ನಾಳೆಗೆ ಮುಂದೂಡದೆ ಹೃದ್ರೋಗ ತಜ್ಞರಿಗೆ ತಿಳಿಸಿ, ಏಕೆಂದರೆ ಒಮ್ಮೆ ಹೀಗಾದರೆ ಶಸ್ತ್ರಚಿಕಿತ್ಸೆಯ ದಿನವನ್ನು ಮುಂಚಿತವಾಗಿಯೇ ಗೊತ್ತುಮಾಡಬೇಕಾಗಬಹುದು.

ಇಂಥ ಮಗುವಿಗೆ 80 ಎಂಬುದು ಎಂದಿನ ಮಟ್ಟವೇ ಇರಬಹುದು. ನಿಮ್ಮ ಮಗನ ಎಂದಿನ ಸಂಖ್ಯೆ ಯಾವುದು, ಯಾವುದಕ್ಕಿಂತ ಕೆಳಗಿಳಿದರೆ ಕರೆತರಬೇಕು ಎಂಬುದನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ತಣ್ಣಗಿನ ಬೆರಳು, ಅಲುಗಾಡುವ ಕಾಲು ಸುಳ್ಳು ಸಂಖ್ಯೆ ತೋರಿಸುತ್ತವೆ. ನೀರಿನಂಶ ಕಡಿಮೆಯಾದರೆ ಇವರ ರಕ್ತ ಮಂದವಾಗುವುದರಿಂದ ವಾಂತಿಭೇದಿಯನ್ನು ಹಗುರವಾಗಿ ಕಾಣಬಾರದು, ಪರೀಕ್ಷೆಗೆಂದು ಉಪವಾಸವಿಡುವಾಗಲೂ ಎಷ್ಟು ಹೊತ್ತು ಎಂದು ಕೇಳಿಕೊಳ್ಳಬೇಕು. ಇನ್ನೊಂದು ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ: ಬೇರೆ ಮಕ್ಕಳಿಗೆ ಹಿಮೋಗ್ಲೋಬಿನ್ 12 ಇದ್ದರೆ ಒಳ್ಳೆಯದು, ಆದರೆ ನೀಲಿ ಮಗುವಿಗೆ ಅದು ರಕ್ತಹೀನತೆಯಾಗಿರಬಹುದು. ಕಬ್ಬಿಣದ ಸಿರಪ್ ಕೊಟ್ಟಿದ್ದರೆ ನಿಲ್ಲಿಸಬೇಡಿ.

ಧೈರ್ಯವಾಗಿರಿ. 1944ರ ನವೆಂಬರಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಮಕ್ಕಳ ವೈದ್ಯೆ ಹೆಲೆನ್ ಟೌಸಿಗ್, ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ಮತ್ತು ಪ್ರಯೋಗಾಲಯದ ವಿವಿಯನ್ ಥಾಮಸ್ ಸೇರಿ ಇಂಥ ನೀಲಿ ಕೂಸೊಂದಕ್ಕೆ ಮೊದಲ ಶಸ್ತ್ರಚಿಕಿತ್ಸೆ ಮಾಡಿಸಿದರು. ಅಂದಿನಿಂದ ವಿದ್ಯೆ ಬಹಳ ಮುಂದೆ ಬಂದಿದೆ. ಇಂದು ದೋಷವನ್ನು ಪೂರ್ತಿ ಸರಿಪಡಿಸಿಕೊಂಡು ಶಾಲೆಗೆ, ಕೆಲಸಕ್ಕೆ ಹೋಗುವವರು ನಮ್ಮ ನಡುವೆಯೇ ಇದ್ದಾರೆ.

ಪ್ರಶ್ನೆ: ನಮ್ಮ ಶಾಲೆಯ 11 ವರ್ಷದ ವಿದ್ಯಾರ್ಥಿನಿಗೆ ಕೀಲುನೋವಿನ ಜ್ವರದಿಂದ ಹೃದಯದ ಕವಾಟ ಕೆಟ್ಟಿದೆಯಂತೆ. ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ಬೇಕು. ಮದುವೆಗೆ ತೊಡಕಾಗುತ್ತದೆಂದು ಮನೆಯವರು ವಿಷಯ ಮುಚ್ಚಿಡುತ್ತಾರೆ, ಇಂಜೆಕ್ಷನ್ನನ್ನೂ ತಪ್ಪಿಸುತ್ತಾರೆ.
— ಒಬ್ಬ ಶಿಕ್ಷಕಿ, ಕಲಬುರಗಿ ಜಿಲ್ಲೆ

ಉತ್ತರ: ನಿಮ್ಮಂಥ ಶಿಕ್ಷಕಿ ಆ ಮಗುವಿಗೆ ಸಿಕ್ಕಿದ್ದು ದೊಡ್ಡ ಆಸರೆ. ಗಂಟಲಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಸೋಂಕು ಮರುಕಳಿಸಿದಾಗ ಈ ಜ್ವರವೂ ಮರುಕಳಿಸಿ, ಪ್ರತಿ ಸಲವೂ ಕವಾಟವನ್ನು ಇನ್ನಷ್ಟು ಕೆಡಿಸುತ್ತದೆ. ಅವಳಿಗೆ ಕೊಡುವ ಇಂಜೆಕ್ಷನ್, ಅಂದರೆ ಬೆಂಜಥೀನ್ ಪೆನಿಸಿಲಿನ್, ಆ ಮರುಕಳಿಕೆಯನ್ನು ತಡೆಯುತ್ತದೆ; ಆದರೆ ಅದರ ರಕ್ಷಣೆ ಮೂರು ವಾರದ ಹೊತ್ತಿಗೆ ಇಳಿದುಹೋಗುತ್ತದೆ. ಈಗ ಹುಡುಗಿ ಓಡಾಡಿಕೊಂಡು ಚೆನ್ನಾಗಿದ್ದಾಳೆಂದು ನಿಲ್ಲಿಸುವಂತಿಲ್ಲ. ಹೃದಯಕ್ಕೆ ಪೆಟ್ಟು ಬಿದ್ದವರಿಗೆ ಇದು ಕನಿಷ್ಠ ಹತ್ತು ವರ್ಷದ ಮಾತು, ಕೆಲವರಿಗೆ ಇನ್ನೂ ದೀರ್ಘ. ಮನೆಯವರಿಗೆ ಹೇಳಬೇಕಾದದ್ದು ಇಷ್ಟು: ಇಂಜೆಕ್ಷನ್ ತಪ್ಪಿಸಿದರೆ ಇಂದು ಮುಚ್ಚಿಟ್ಟ ಕಾಯಿಲೆ ನಾಳೆ ಬಸುರಿಯಾದಾಗ ಪ್ರಾಣಕ್ಕೆ ಬರುವಷ್ಟು ಬೆಳೆದಿರುತ್ತದೆ, ಕವಾಟ ಉಳಿದರೆ ಹುಡುಗಿಯ ಓದು, ಮದುವೆ, ಮಕ್ಕಳು ಎಲ್ಲವೂ ಉಳಿಯುತ್ತವೆ.

ಮಗು ಹೆದರುವುದು ನೋವಿಗೆ, ಅದು ಸಹಜ. ಈ ಔಷಧ ನಿಜಕ್ಕೂ ನೋಯಿಸುತ್ತದೆ. ಫ್ರಿಜ್ಜಿನಿಂದ ತೆಗೆದ ತಕ್ಷಣ ಚುಚ್ಚದೆ ಕೋಣೆಯ ಬಿಸಿಗೆ ಬರಲು ಬಿಟ್ಟು, ಎರಡು ಮೂರು ನಿಮಿಷ ಹಿಡಿದು ನಿಧಾನವಾಗಿ ಕೊಟ್ಟರೆ ನೋವು ಕಡಿಮೆಯಾಗುತ್ತದೆ. ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಔಷಧ ಬೆರೆಸಬಹುದೇ ಎಂದು ವೈದ್ಯರನ್ನು ಕೇಳಬಹುದು. ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು, ಅಲರ್ಜಿ ಅಪರೂಪವಾದರೂ ಬಂದರೆ ಆ ಹೊತ್ತಿನಲ್ಲೇ ಬರುತ್ತದೆ. ಆಟದಿಂದ ಅವಳನ್ನು ಪೂರ್ತಿ ದೂರವಿಡುವ ಮುನ್ನ ಎಷ್ಟು ಓಡಬಹುದೆಂದು ತಜ್ಞರಿಂದ ಬರೆಸಿ ತರಿಸಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ಹಲ್ಲು ಹುಳುಕಾಗದಂತೆ ದಿನಕ್ಕೆರಡು ಸಲ ಉಜ್ಜುವುದು ಅವಳಿಗೆ ಇತರರಿಗಿಂತ ಮುಖ್ಯ, ಒಸಡಿನ ಸೋಂಕು ರಕ್ತದ ಮೂಲಕ ಕವಾಟಕ್ಕೆ ತಲಪಬಲ್ಲದು. ಹಲ್ಲು ಕೀಳಿಸುವುದಿದ್ದರೆ ಕವಾಟದ ವಿಷಯವನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಸಾಧ್ಯವಾದರೆ, ಅವಳ ಮನೆಯವರ ಒಪ್ಪಿಗೆ ಪಡೆದು, ಇಂಜೆಕ್ಷನ್ ದಿನಾಂಕಗಳನ್ನು ನಿಮ್ಮ ಬಳಿಯೂ ಬರೆದಿಟ್ಟುಕೊಂಡು ಹಿಂದಿನ ದಿನ ನೆನಪಿಸಿ. ಪರೀಕ್ಷೆ, ಜಾತ್ರೆ, ರಜೆಯ ದಿನಗಳು ಅಡ್ಡ ಬಂದರೆ ಒಂದೆರಡು ದಿನ ಮುಂಚೆಯೇ ಕೊಡಿಸಬಹುದು, ತಡಮಾಡುವುದು ಮಾತ್ರ ಬೇಡ.